ತರಗತಿಯ ಬರಹ ಮತ್ತು ಪ್ರಕಟಣೆ: ಕನ್ನಡ ಬೋಧನೆಯ ನೆಲೆಯಿಂದ ಕೆಲವು ವಿಚಾರಗಳು

ಶಾಲೆಯಲ್ಲಿ ಮಗು ಬರೆಯುವ ಬರಹಕ್ಕೆ ಓದುಗರು ಯಾರು ಎಂಬ ಪ್ರಶ್ನೆಯನ್ನು ಕನ್ನಡ ಭಾಷಾಬೋಧನೆಯ ಕುರಿತ ನಮ್ಮ ಚರ್ಚೆಗಳು ಅಷ್ಟಾಗಿ ಕೈಗೆತ್ತಿಕೊಂಡಿಲ್ಲ. ಪಠ್ಯಗಳ ಆಯ್ಕೆ, ಶಿಕ್ಷಣ ಮಾಧ್ಯಮ, ವ್ಯಾಕರಣ ಬೋಧನೆಯ ಕ್ರಮ ಇವುಗಳನ್ನು ಕುರಿತು ವಿಪುಲವಾಗಿ ಬರೆಯಲಾಗಿದೆ. ಆದರೆ ಪ್ರಬಂಧ, ಪತ್ರಲೇಖನ, ಗಾದೆಯ ವಿಸ್ತರಣೆ ಎಂದು ವರ್ಷವಿಡೀ ನಡೆಯುವ ಬರವಣಿಗೆ ಯಾರನ್ನು ಉದ್ದೇಶಿಸಿದ್ದು? ಅಂಕ ಕೊಡುವವರನ್ನು ಮಾತ್ರ ಎಂಬುದು ಇದಕ್ಕಿರುವ ಪ್ರಾಮಾಣಿಕ ಉತ್ತರ. ಪತ್ರಲೇಖನದ ಪ್ರಶ್ನೆಯನ್ನೇ ನೋಡಬಹುದು. ತನ್ನನ್ನು ಇನ್ನಾರೋ ಎಂದು ಭಾವಿಸಿಕೊಂಡು, ಇಲ್ಲದ ಊರಿನಿಂದ, ಎಂದೂ ಅಂಚೆಗೆ ಬೀಳದ ಪತ್ರವನ್ನು ಮಗು ಬರೆಯುತ್ತದೆ. ಓದುಗನೇ ಇಲ್ಲದ ಈ ಬರಹದಲ್ಲಿ ‘ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಸಿದ್ಧಸೂತ್ರ ಉಳಿದು, ಹೇಳಬೇಕಾದ ಸಂಗತಿ ಜಾರಿಹೋಗುವುದು ಸಹಜ.

ಅಂತರಜಾಲದಲ್ಲಿ ಪ್ರಕಟಿಸಲು ಇಂದು ದೊರೆಯುವ ಸರಳ ಸಾಧನಗಳು, ಅಂದರೆ ಬ್ಲಾಗ್, ವಿಕಿ ಹಾಗೂ ಕಥೆ ಕಟ್ಟಲು ಅನುವಾಗುವ ತಾಣಗಳು, ಈ ಸ್ಥಿತಿಯನ್ನು ಬದಲಿಸಬಲ್ಲವು. ಆದರೆ ಅವನ್ನು ಗಣಕಶಿಕ್ಷಣದ ಉಪಾಂಗವಾಗಿ ಕಾಣದೆ ಭಾಷಾಶಿಕ್ಷಣದ ಕೇಂದ್ರ ಸಂಗತಿಯಾಗಿ ಕಂಡಾಗ ಮಾತ್ರ ಇದು ಸಾಧ್ಯ. ಇದು ಪ್ರಸ್ತುತ ಲೇಖನದ ನಿಲುವು.

1. ಹೊಸ ಸಾಧನ, ಹಳೆಯ ಆಶಯ

ಮಕ್ಕಳ ಬರಹವನ್ನು ಪ್ರಕಟಿಸುವ ಆಲೋಚನೆ ಗಣಕದೊಂದಿಗೆ ಹುಟ್ಟಿದ್ದಲ್ಲ. ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲಾ ಶಿಕ್ಷಕ ಸೆಲೆಸ್ತಾಂ ಫ್ರೆನೆ 1924ರಲ್ಲಿ ತನ್ನ ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರವನ್ನು ತಂದನು. ಮಕ್ಕಳು ತಾವು ಕಂಡದ್ದನ್ನು, ಅನುಭವಿಸಿದ್ದನ್ನು ಬರೆದು, ಒಟ್ಟಾಗಿ ತಿದ್ದಿ, ತಾವೇ ಮೊಳೆ ಜೋಡಿಸಿ ಮುದ್ರಿಸಿದರು. ಮುಂದೆ ಈ ಹಾಳೆಗಳು ದೂರದ ಬ್ರೆತಾನ್ಯ್ ಪ್ರಾಂತದ ಶಾಲೆಯೊಂದಕ್ಕೆ ಹೋದವು, ಅಲ್ಲಿಯ ಮಕ್ಕಳ ಬರಹ ಇಲ್ಲಿಗೆ ಬಂದಿತು. ಯಂತ್ರದ ಪರಿಚಯ ಫ್ರೆನೆಯ ಉದ್ದೇಶವಾಗಿರಲಿಲ್ಲ. ಬರಹಕ್ಕೆ ನಿಜವಾದ ಓದುಗ ಇದ್ದಾನೆ ಎಂದು ತಿಳಿದಾಗ ಮಗು ತನ್ನ ವಾಕ್ಯವನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಅವನ ನಂಬಿಕೆಯಾಗಿತ್ತು.

ನಮ್ಮ ಶಾಲೆಗಳ ಕೈಬರಹದ ಪತ್ರಿಕೆ ಮತ್ತು ಗೋಡೆ ಪತ್ರಿಕೆಗಳ ಹಿಂದೆಯೂ ಇದೇ ಆಶಯವಿದೆ. ಆದರೆ ಕೈಬರಹದ ಪತ್ರಿಕೆಗೆ ಇರುವುದು ಒಂದೇ ಪ್ರತಿ. ಗೋಡೆ ಪತ್ರಿಕೆಯ ಓದುಗರು ಆ ಗೋಡೆಯ ಮುಂದೆ ನಿಂತವರು ಮಾತ್ರ. ಜಾಲದ ಪ್ರಕಟಣೆ ಈ ಎರಡು ಮಿತಿಗಳನ್ನು ದಾಟುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಗಳನ್ನು ಬಳಸಿ ಕನ್ನಡದಲ್ಲಿಯೂ ಕಥೆ ರಚಿಸಬಹುದು, ಇತರ ಭಾಷೆಗಳ ಕಥೆಗಳನ್ನು ಅನುವಾದಿಸಬಹುದು. ಇದಕ್ಕೆ ಗಣಕದ ವಿಶೇಷ ಪರಿಣತಿ ಬೇಕಿಲ್ಲ.

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲ್ ಮೂಲಕ ಮನೆಗಳನ್ನು ಪ್ರವೇಶಿಸಿತು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಶಿಕ್ಷಕರೇ ಊರುಕೇರಿಗಳಿಗೆ ಹೋಗುವ ‘ವಿದ್ಯಾಗಮ’ ರೂಪುಗೊಂಡಿತು. ಆ ಅವಧಿಯ ಅನುಭವವನ್ನು ನಾವು ಸೌಲಭ್ಯಗಳ ಅಸಮಾನತೆಯ ದೃಷ್ಟಿಯಿಂದ ಚರ್ಚಿಸಿದ್ದೇವೆ, ಅದು ಅಗತ್ಯವೂ ಹೌದು. ಆದರೆ ಸೌಲಭ್ಯವಿದ್ದ ಕಡೆಯಲ್ಲಿಯೂ ಬಹುಮಟ್ಟಿಗೆ ಮಗು ದೃಶ್ಯಪಾಠವನ್ನು ನೋಡುವ, ಅಭ್ಯಾಸದ ಹಾಳೆಯನ್ನು ಚಿತ್ರ ತೆಗೆದು ಕಳಿಸುವ ಸ್ಥಾನದಲ್ಲಿಯೇ ಉಳಿಯಿತು. ಸಾಧನ ಬದಲಾದರೂ ಓದುಗ ಬದಲಾಗಲಿಲ್ಲ.

2. ಕೀಲಿಮಣೆ ಮತ್ತು ಅಕ್ಷರಜ್ಞಾನ

ಪ್ರಕಟಣೆಯ ಮೊದಲ ಹೆಜ್ಜೆ ಬೆರಳಚ್ಚು. ಇದನ್ನು ಕೇವಲ ಯಾಂತ್ರಿಕ ಕೌಶಲವೆಂದು ಬದಿಗಿಡುವಂತಿಲ್ಲ. ‘ಸೂರ್ಯ’ ಎಂಬ ಪದವನ್ನು ಗಮನಿಸಬಹುದು. ಕಾಗದದ ಮೇಲೆ ಯಕಾರವನ್ನು ಬರೆದ ಅನಂತರ ಅರ್ಕಾವೊತ್ತನ್ನು ಬರೆಯುತ್ತೇವೆ, ಉಚ್ಚಾರದಲ್ಲಿ ರೇಫವೇ ಮೊದಲು. ಬರಹದ ಕ್ರಮ ಮತ್ತು ಉಚ್ಚಾರದ ಕ್ರಮಗಳ ನಡುವಿನ ಈ ವ್ಯತ್ಯಾಸ ಕಲಿಯುವವರಿಗೆ ತೊಡಕಾಗುವಂಥದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ ತಂತ್ರಾಂಶದ ಮೂಲಕ ಬಳಕೆಗೆ ಬಂದ ಕೀಲಿಮಣೆಯಲ್ಲಿ ಮೊದಲು ರಕಾರ, ಆಮೇಲೆ ಎಫ್ ಕೀಲಿಯ ಹಲಂತ ಚಿಹ್ನೆ, ಅನಂತರ ಯಕಾರ ಎಂದು ಒತ್ತಬೇಕು. ಯುನಿಕೋಡ್ ಸಂಕೇತವೂ ಇದೇ ಅನುಕ್ರಮದಲ್ಲಿ ಉಳಿಯುತ್ತದೆ. ಎಂದರೆ ಬೆರಳು ಅನುಸರಿಸುವುದು ಧ್ವನಿಯ ಕ್ರಮವನ್ನು. ಸಂಯುಕ್ತಾಕ್ಷರವೆಂದರೆ ಸ್ವರದ ನೆರವಿಲ್ಲದೆ ಕೂಡುವ ವ್ಯಂಜನಗಳು ಎಂಬ ವ್ಯಾಕರಣದ ಪಾಠ ಇಲ್ಲಿ ಅನುಭವಕ್ಕೆ ಬರುತ್ತದೆ.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಪದವನ್ನು ಒತ್ತಿ, ಯಂತ್ರ ಸೂಚಿಸಿದ ಪದಗಳಲ್ಲಿ ಒಂದನ್ನು ಆರಿಸಿಕೊಳ್ಳುವ ವಿಧಾನದಲ್ಲಿ ಈ ಲಾಭವಿಲ್ಲ. ಅಲ್ಲಿ ಮಗು ಪದವನ್ನು ಕಟ್ಟುವುದಿಲ್ಲ, ಗುರುತಿಸುತ್ತದೆ ಅಷ್ಟೆ. ಆದ್ದರಿಂದ ಯಾವ ವಿಧಾನದಲ್ಲಿ ಬೆರಳಚ್ಚು ಕಲಿಸಬೇಕು ಎಂಬುದು ಗಣಕ ಶಿಕ್ಷಕರಿಗೆ ಬಿಟ್ಟುಕೊಡಬೇಕಾದ ಪ್ರಶ್ನೆಯಲ್ಲ, ಅದು ಕನ್ನಡ ಶಿಕ್ಷಕರು ತೀರ್ಮಾನಿಸಬೇಕಾದುದು.

3. ಸಂಪಾದನೆ ಎಂಬ ಪಾಠ

ಗ್ರಂಥಸಂಪಾದನೆಯ ಗಟ್ಟಿ ಪರಂಪರೆಯುಳ್ಳ ಕನ್ನಡ ವಿಭಾಗಗಳಿಗೆ ವಿಕಿಯ ರಚನೆ ಅಪರಿಚಿತವಾಗಿ ತೋರಬೇಕಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿ ಪುಟಕ್ಕೂ ಸಂಪಾದನೆ, ಇತಿಹಾಸ, ಚರ್ಚೆ ಎಂಬ ಅಂಗಗಳಿವೆ. ಯಾವ ಪದವನ್ನು ಯಾವಾಗ ಬದಲಿಸಲಾಯಿತು, ಮೊದಲಿನ ಪಾಠ ಯಾವುದು, ಬದಲಾವಣೆಗೆ ಕೊಟ್ಟ ಕಾರಣವೇನು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಕಲೆಹಾಕುವ ಶಿಸ್ತಿಗೂ ಇದಕ್ಕೂ ಸಂಬಂಧವಿದೆ. ವಿಶ್ವಕೋಶದ ಲೇಖನಕ್ಕೆ ಆಧಾರಗಳು ಬೇಕಾಗುವುದರಿಂದ ಎಳೆಯ ಮಕ್ಕಳು ನೇರವಾಗಿ ವಿಕಿಪೀಡಿಯದಲ್ಲಿ ಬರೆಯುವುದು ಸೂಕ್ತವಲ್ಲ. ಆದರೆ ತರಗತಿಗೆ ಸೀಮಿತವಾದ ವಿಕಿಯೊಂದರಲ್ಲಿ ತಮ್ಮ ಊರಿನ ಕೆರೆ, ಸಂತೆ, ಜಾತ್ರೆ, ಬೆಳೆಗಳನ್ನು ಕುರಿತು ಮಕ್ಕಳು ಕೂಡಿ ಬರೆಯಬಹುದು. ಕೆಂಪು ಶಾಯಿಯ ತಿದ್ದುಪಡಿ ಏಕಪಕ್ಷೀಯವಾದದ್ದು, ಇಲ್ಲಿಯ ತಿದ್ದುಪಡಿಗೆ ಕಾರಣ ಕೊಡಬೇಕಾಗುತ್ತದೆ.

ಈ ಕಾರಣ ಕೊಡುವ ಅನಿವಾರ್ಯತೆಯೇ ಉಪಭಾಷೆಯ ಪ್ರಶ್ನೆಯನ್ನು ಮುನ್ನೆಲೆಗೆ ತರುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ನಾವು ಸ್ನಾತಕೋತ್ತರ ತರಗತಿಗಳಲ್ಲಿ ಗೌರವದಿಂದ ಚರ್ಚಿಸುತ್ತೇವೆ, ಬೇಂದ್ರೆಯವರ ಕಾವ್ಯದಲ್ಲಿ ಧಾರವಾಡದ ನುಡಿಯ ಬನಿಯನ್ನು ಮೆಚ್ಚುತ್ತೇವೆ. ಅದೇ ನಂಜನಗೂಡು ಸೀಮೆಯ ಮಗು, ಅದೇ ಧಾರವಾಡದ ಮಗು ತನ್ನ ಮನೆಮಾತಿನ ರೂಪವನ್ನು ನೋಟುಪುಸ್ತಕದಲ್ಲಿ ಬರೆದರೆ ಅದು ತಪ್ಪಾಗುತ್ತದೆ. ಸಾಹಿತ್ಯದಲ್ಲಿ ಸಲ್ಲುವ ನುಡಿ ಶಾಲೆಯಲ್ಲಿ ಏಕೆ ಸಲ್ಲದು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಮರ್ಪಕ ಉತ್ತರವಿಲ್ಲ. ಶಿಷ್ಟ ಬರಹರೂಪವನ್ನು ಕಲಿಸಬಾರದೆಂಬುದು ಇಲ್ಲಿಯ ವಾದವಲ್ಲ. ಅಜ್ಜಿ ಹೇಳಿದ ಕಥೆಯನ್ನು ಅಜ್ಜಿಯ ಮಾತಿನಲ್ಲಿಯೂ, ಊರಿನ ಕೆರೆಯ ವಿವರವನ್ನು ಶಿಷ್ಟ ಗದ್ಯದಲ್ಲಿಯೂ ಬರೆಯಬಲ್ಲ ಮಗು ಎರಡು ರೂಪಗಳ ಔಚಿತ್ಯವನ್ನು ಅರಿತಿರುತ್ತದೆ. ಯಾರಿಗಾಗಿ ಬರೆಯುತ್ತಿದ್ದೇನೆ ಎಂಬ ತಿಳಿವಿಲ್ಲದೆ ಈ ವಿವೇಕ ಮೂಡಲಾರದು.

4. ಆಕ್ಷೇಪಗಳು

ಮೊದಲ ಆಕ್ಷೇಪ ಮಕ್ಕಳ ಸುರಕ್ಷತೆಯದು. ಇದು ಗಂಭೀರವಾದುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ವಿಧಿಸುತ್ತದೆ. ಪಾಲಕರ ಒಪ್ಪಿಗೆ ಪಡೆಯುವುದು, ಮಕ್ಕಳ ಭಾವಚಿತ್ರ, ವಿಳಾಸಗಳನ್ನು ಪ್ರಕಟಿಸದಿರುವುದು, ಖಾತೆಯನ್ನು ಶಿಕ್ಷಕರ ಹೊಣೆಯಲ್ಲಿ ಇರಿಸುವುದು ಇವು ಕನಿಷ್ಠ ಎಚ್ಚರಗಳು. ಹೆಸರಿನ ವಿಷಯದಲ್ಲಿ ನಮ್ಮ ಪರಂಪರೆಯೇ ದಾರಿ ತೋರುತ್ತದೆ. ವಚನಕಾರರಿಗೂ ಕೀರ್ತನಕಾರರಿಗೂ ಅಂಕಿತಗಳಿದ್ದವು, ನವೋದಯದ ಲೇಖಕರಿಗೆ ಕಾವ್ಯನಾಮಗಳಿದ್ದವು. ಮಗುವೂ ತನಗೊಂದು ಅಂಕಿತವನ್ನು ಆರಿಸಿಕೊಳ್ಳಬಹುದು.

ಎರಡನೆಯದು ಸಾಧನಗಳ ಅಸ್ಥಿರತೆ. ಜಗತ್ತಿನ ಹಲವೆಡೆ ಶಿಕ್ಷಕರು ನೆಚ್ಚಿಕೊಂಡಿದ್ದ ವಿಕಿಸ್ಪೇಸಸ್ ಸೇವೆಯ ತರಗತಿ ತಾಣಗಳು 2018ರಲ್ಲಿ ಮುಚ್ಚಿದವು. ಅದಕ್ಕೂ ಮೊದಲು, 2009ರಲ್ಲಿ, ಯಾಹೂ ತನ್ನ ಜಿಯೋಸಿಟೀಸ್ ಸೇವೆಯನ್ನು ನಿಲ್ಲಿಸಿತ್ತು. ಖಾಸಗಿ ಸಂಸ್ಥೆಯ ಉಚಿತ ಸೇವೆಯ ಮೇಲೆ ಶಾಲೆಯ ನೆನಪನ್ನು ಪೂರ್ತಿಯಾಗಿ ಒಪ್ಪಿಸುವಂತಿಲ್ಲ. ಪ್ರಕಟಿಸಿದ್ದರ ಪ್ರತಿಯನ್ನು ಯುನಿಕೋಡ್ ಪಠ್ಯವಾಗಿಯೂ, ಮುದ್ರಿಸಿ ಹೊಲಿದ ಪುಸ್ತಕವಾಗಿಯೂ ಶಾಲೆಯ ಗ್ರಂಥಾಲಯದಲ್ಲಿ ಉಳಿಸಬೇಕು.

ಮೂರನೆಯದು ಸೌಲಭ್ಯಗಳ ಕೊರತೆ. ಇದನ್ನು ಅಲ್ಲಗಳೆಯಲಾಗದು. ಆದರೆ ಪ್ರತಿ ಮಗುವಿಗೂ ಒಂದು ಗಣಕ ಬೇಕೆಂಬ ಕಲ್ಪನೆಯಿಂದ ಹೊರಡಬೇಕಾಗಿಲ್ಲ. ಫ್ರೆನೆಯ ತರಗತಿಯಲ್ಲಿಯೂ ಇದ್ದದ್ದು ಒಂದೇ ಯಂತ್ರ. ಬರೆಯುವುದು, ಗಟ್ಟಿಯಾಗಿ ಓದುವುದು, ಚರ್ಚಿಸುವುದು, ತಿದ್ದುವುದು ಇವೆಲ್ಲ ಕಾಗದದ ಮೇಲೆಯೇ ನಡೆಯಬಹುದು, ಕೊನೆಯ ಹಂತಕ್ಕೆ ಮಾತ್ರ ಗಣಕ ಸಾಕು. ಹಾಗೆ ನೋಡಿದರೆ, ಕೊರತೆಯಿರುವುದು ಸಮಯದ್ದು. ಪಾಠ ಮುಗಿಸುವ ಮತ್ತು ದಾಖಲೆ ತುಂಬುವ ಒತ್ತಡದಲ್ಲಿರುವ ಶಿಕ್ಷಕರಿಗೆ ಇದನ್ನು ಇನ್ನೊಂದು ಹೊರೆಯಾಗಿ ಹೊರಿಸಿದರೆ ಫಲವಿಲ್ಲ. ಈಗಿರುವ ಪ್ರಬಂಧ, ಪತ್ರಲೇಖನಗಳ ಅವಧಿಯನ್ನೇ ಇದಕ್ಕೆ ಬಿಟ್ಟುಕೊಡಬೇಕು.

5. ವಿಭಾಗಗಳ ಹೊಣೆ

ಇಲ್ಲಿಯವರೆಗೆ ಇಂತಹ ಪ್ರಯತ್ನಗಳು ಮುಖ್ಯವಾಗಿ ಸ್ವಯಂಸೇವಾ ಸಂಸ್ಥೆಗಳ ಮತ್ತು ಆಸಕ್ತ ಶಿಕ್ಷಕರ ಉಪಕ್ರಮಗಳಾಗಿ ನಡೆದಿವೆ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಬಹುಪಾಲು ದೂರ ಉಳಿದಿವೆ. ಶಾಲೆ ನಮ್ಮ ಅಧ್ಯಯನದ ವ್ಯಾಪ್ತಿಗೆ ಸೇರಿದ್ದಲ್ಲವೆಂಬ ಭಾವನೆ ಇದಕ್ಕೆ ಒಂದು ಕಾರಣವಿರಬಹುದು. ಜನಪದ ಸಾಹಿತ್ಯವನ್ನು ಸಂಗ್ರಹಿಸಲು ಹಳ್ಳಿಗಳಿಗೆ ಹೋದ ವಿಭಾಗಗಳಿಗೆ ಅದೇ ಹಳ್ಳಿಯ ಶಾಲೆಯಲ್ಲಿ ಹುಟ್ಟುವ ಬರಹ ಅಧ್ಯಯನಯೋಗ್ಯವೆನಿಸದಿರುವುದು ಸೋಜಿಗ.

ಮೂರು ಕೆಲಸಗಳನ್ನು ವಿಭಾಗಗಳು ಕೈಗೊಳ್ಳಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಪಾದನಾಶಾಸ್ತ್ರದ ಅಭ್ಯಾಸದಲ್ಲಿ ಹತ್ತಿರದ ಶಾಲೆಯೊಂದರ ಪ್ರಕಟಣೆಗೆ ನೆರವಾಗುವುದನ್ನು ಸೇರಿಸುವುದು ಮೊದಲನೆಯದು. ಮಕ್ಕಳ ಬರಹದಲ್ಲಿ ಕಾಣುವ ಪ್ರಾದೇಶಿಕ ರೂಪಗಳನ್ನು ದೋಷವೆಂದು ಪಟ್ಟಿಮಾಡದೆ ಭಾಷಾವಿಜ್ಞಾನದ ಸಾಮಗ್ರಿಯಾಗಿ ಅಭ್ಯಸಿಸುವುದು ಎರಡನೆಯದು. ಶಾಲೆಗಳ ಪ್ರಕಟಣೆಗಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶಾಶ್ವತ ನೆಲೆ ಒದಗಿಸುವುದು ಮೂರನೆಯದು. ಇವು ಯಾವುವೂ ಭಾರಿ ಅನುದಾನವನ್ನು ಬೇಡುವಂಥವಲ್ಲ.

ಕನ್ನಡವನ್ನು ಉಳಿಸುವ ಮಾತನ್ನು ನಾವು ವೇದಿಕೆಗಳಲ್ಲಿ ಮತ್ತೆಮತ್ತೆ ಆಡುತ್ತೇವೆ. ಹತ್ತು ವರ್ಷ ಕನ್ನಡದಲ್ಲಿ ಬರೆದೂ ಪರೀಕ್ಷಕರ ಹೊರತು ಬೇರೊಬ್ಬ ಓದುಗನನ್ನು ಕಾಣದೆ ಶಾಲೆ ಬಿಡುವ ಮಗುವಿಗೆ, ಆ ಭಾಷೆಯಲ್ಲಿ ಮುಂದೆಯೂ ಬರೆಯಬೇಕೆಂದು ಹೇಳಲು ನಮ್ಮ ಬಳಿ ಯಾವ ಕಾರಣವಿದೆ? ವಿಭಾಗಗಳು ತಮ್ಮ ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಂದರ್ಭದಲ್ಲಾದರೂ ಈ ಪ್ರಶ್ನೆಯನ್ನು ಚರ್ಚೆಗೆ ತೆಗೆದುಕೊಳ್ಳಬೇಕು.