ಎಂಟು ಮೀಟರ್ ಹಗ್ಗ, ಒಂದೂವರೆ ಮೀಟರ್ ಕೋಲು

ರಾಜ್ಯದ ಸಾರಿಗೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೈಕಿನ ಲೆಗ್ ಗಾರ್ಡಿಗೆ ಕಟ್ಟಿಕೊಳ್ಳುವ ಜೋಡಿ ಫಾಗ್ ಲೈಟಿನ ವಿಚಾರವಾಗಿ ಬರೆಯುತ್ತಿದ್ದೇನೆ. ಕೆಲವು ನೂರು ರೂಪಾಯಿಗೆ ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುವ ಸಾಮಾನು, ಆಯುಕ್ತರ ಮೇಜಿನವರೆಗೆ ತರುವಷ್ಟು ದೊಡ್ಡದೇ ಎಂದು ತಮಗೆ ಅನ್ನಿಸಬಹುದು. ರಾತ್ರಿ ಹೊತ್ತು ಹಳ್ಳಿ ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ದೊಡ್ಡದೇ.

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ಶುರು ಮಾಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಎದುರಿನ ಬೆಳಕಿಗೆ ರಸ್ತೆಯೇ ಮಾಯವಾಗಿ ಅಂದಾಜಿನ ಮೇಲೆ ನಾಲ್ಕು ಮಾರು ಸಾಗಿದ ಯಾರಿಗಾದರೂ ಅದು ಬೇಕಾದ ಕ್ರಮವೇ. ಆದರೆ ಬೆಳಕು ಎತ್ತ ಬೀಳುತ್ತಿದೆ ಎಂದು ಅಳೆಯುವ ಏರ್ಪಾಡು ರಸ್ತೆ ಬದಿಯಲ್ಲಿ ಇಲ್ಲದಿದ್ದರೆ, ದೀಪ ಇದೆಯೋ ಇಲ್ಲವೋ ಎಂಬುದೇ ಅಳತೆಯಾಗಿಬಿಡುತ್ತದೆ. ನೆಲ ನೋಡುವ ದೀಪಕ್ಕೂ ಎದುರಿನವನ ಮುಖ ನೋಡುವ ದೀಪಕ್ಕೂ ಆಗ ಒಂದೇ ದಂಡ. ನನ್ನ ತಕರಾರು ಇಷ್ಟೇ.

ನಮ್ಮ ಕಡೆ ರಾತ್ರಿ ಬೈಕ್ ಹತ್ತುವವರು ಮೋಜಿಗೆ ಹತ್ತುವುದು ಕಡಿಮೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದಾಗ ತೋಟಕ್ಕೆ ಹೋಗಿ ಮೋಟರ್ ಹಾಕಿ, ವಾಲ್ವ್ ತಿರುಗಿಸಿ ಬರಲೇಬೇಕು. ಡೇರಿಗೆ ಹಾಲು ಹಾಕುವವರು, ಹೂವಿನ ಮೂಟೆ ಕಟ್ಟಿಕೊಂಡು ಮಾರುಕಟ್ಟೆಗೆ ಹೊರಡುವವರು ಬೆಳಕು ಹರಿಯುವವರೆಗೆ ಕಾಯುವಂತಿಲ್ಲ. ಅವರ ದಾರಿಯಲ್ಲಿ ಬೀದಿದೀಪವಿಲ್ಲ. ಬಣ್ಣ ಅಳಿಸಿಹೋದ ಹಂಪುಗಳಿವೆ. ಮಂಡ್ಯ ಸೀಮೆಯಲ್ಲಾದರೆ ಕಬ್ಬು ಹೇರಿಕೊಂಡು, ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದೆ ನಿಂತ ಟ್ರೇಲರ್ ಎದುರಾಗುತ್ತದೆ. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ: ಹುರುಳಿಯೋ ರಾಗಿಯೋ ಹರವಿ, ಅಂಚಿಗೆ ಕಲ್ಲಿಟ್ಟು ಮನೆಗೆ ಹೋಗಿರುತ್ತಾರೆ. (ಹಾಗೆ ಹರವುವವರೂ ನಾವೇ, ಅದರ ಮೇಲೆ ಜಾರಿ ಬೀಳುವವರೂ ನಾವೇ, ಅದಕ್ಕೆ ತಮ್ಮನ್ನು ದೂರುವುದಿಲ್ಲ.) ಆಲೂರು, ಸಕಲೇಶಪುರದ ಕಡೆ ಆನೆಯ ಭಯ ಬೇರೆ. ಕತ್ತಲಲ್ಲಿ ನಿಂತ ಆನೆ ತೀರಾ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಇದಕ್ಕೆ ಕಂಪನಿ ಕೊಟ್ಟ ದೀಪ ಸಾಲದೇ ಎಂದು ಕೇಳಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಅಡ್ಡಿ ಕಂಡು, ಬುದ್ಧಿಗೆ ಹೊಳೆದು, ಬ್ರೇಕ್ ಒತ್ತಿ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೇ ಸುಮಾರು 50 ಮೀಟರ್ ಬೇಕು. ಡಿಮ್ ಮಾಡಿದ 35 ವ್ಯಾಟಿನ ಹ್ಯಾಲೊಜನ್ ಬಲ್ಬು ಅಷ್ಟು ದೂರದ ಕಪ್ಪು ಹಂಪನ್ನು ತೋರಿಸದು. ಹಳೆಯ ಬೈಕುಗಳ ಪಾಡು ಇನ್ನೂ ಕಷ್ಟ. ಅವುಗಳಲ್ಲಿ ಹಲವಕ್ಕೆ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ, ನೇರವಾಗಿ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ದೀಪ ಮಂಕು. ಗುಂಡಿ ಕಂಡಿತೆಂದು ವೇಗ ಇಳಿಸಿದರೆ ಗುಂಡಿಯೇ ಕಾಣದಂತಾಗುತ್ತದೆ! 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಎಲ್ಲರೂ ಬೆಳಕಿಲ್ಲದೆ ಸತ್ತವರಲ್ಲ, ನಿಜ. ಆದರೂ ಬೆಳಕು ಹುಡುಕುವವರನ್ನು ಶೋಕಿಯವರೆಂದು ತಳ್ಳಿಹಾಕುವ ಮುನ್ನ ಈ ಲೆಕ್ಕ ಒಮ್ಮೆ ನೆನಪಿಗೆ ಬರಬೇಕು.

ಹಾಗೆಂದು ಅಗ್ಗದ ದೀಪಗಳ ವಕಾಲತ್ತು ವಹಿಸಲು ನಾನು ಬಂದಿಲ್ಲ. ಡಬ್ಬದ ಮೇಲೆ ಬರೆದ ವ್ಯಾಟಿಗೂ ಒಳಗಿನ ವ್ಯಾಟಿಗೂ ಎಷ್ಟೋ ಸಲ ತಾಳೆಯೇ ಇರುವುದಿಲ್ಲ. ಬೆಳಕನ್ನು ಮೇಲುಗಡೆ ಕತ್ತರಿಸಿ ನಿಲ್ಲಿಸುವ ಲೆನ್ಸ್ ಇರುವುದಿಲ್ಲ. ಎಲ್‌ಇಡಿಯ ಹಿಂದೆ ಒಂದು ಹೊಳೆಯುವ ಬಟ್ಟಲು, ಅಷ್ಟೆ. ಬೆಳಕು ಮರದ ತುದಿಗೂ ಹೋಗುತ್ತದೆ. ತೆಳು ತಗಡಿನ ಕ್ಲ್ಯಾಂಪು ನಾಲ್ಕು ದಿನದ ಕುಲುಕಾಟಕ್ಕೆ ಸಡಿಲವಾಗಿ ದೀಪ ತಲೆಯೆತ್ತುತ್ತದೆ. ಹಿಂದೆ ಹಾಲಿನ ಕ್ಯಾನೋ ಹೆಂಡತಿ ಮಕ್ಕಳೋ ಕೂತರಂತೂ ಬೈಕಿನ ಹಿಂಭಾಗ ತಗ್ಗಿ ಮುಂದಿನ ಬೆಳಕು ಸೀದಾ ಎದುರಿನವನ ಕಣ್ಣಿಗೆ. ಮೆಕ್ಯಾನಿಕ್ ಹೆಡ್‌ಲೈಟಿನ ವೈರನ್ನೇ ಸುಲಿದು ಟೇಪು ಸುತ್ತಿ ಕೊಟ್ಟಿದ್ದರೆ, ಮಳೆಗಾಲದಲ್ಲಿ ಇದ್ದ ದೀಪವೂ ಹೋಗುವ ಅಪಾಯ. ಸರಿಯಾಗಿ ಮಾಡುವ ಕ್ರಮ ಗೊತ್ತಿಲ್ಲದ್ದೇನಲ್ಲ: ಬ್ಯಾಟರಿಯಿಂದ ಬೇರೆ ವೈರು, ನಡುವೆ ಫ್ಯೂಸ್, ಒಂದು ರಿಲೇ, ಹ್ಯಾಂಡಲ್ ಮೇಲೆ ಬೇರೆಯೇ ಸ್ವಿಚ್. ಎರಡೂ ದೀಪ ಸೇರಿ 20 ವ್ಯಾಟ್ ಎಂದುಕೊಂಡರೆ ಎಳೆಯುವುದು ಎರಡು ಆಂಪಿಯರಿಗಿಂತ ಕಡಿಮೆ. ಕೆಂಪು ನೀಲಿ ಮಿನುಗಿಸಿಕೊಂಡು ಹೋಗುವ ಹುಡುಗರ ಬಗ್ಗೆ ನನ್ನದೇನೂ ಅಹವಾಲಿಲ್ಲ. ಆ ದೀಪಗಳನ್ನು ಕಿತ್ತುಹಾಕಿಸಿ.

ಈಗ ತಮ್ಮದೇ ನಿಯಮ ಪುಸ್ತಕಕ್ಕೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಕಣ್ಣು ಕುಕ್ಕುವುದೆಂದರೆ ಏನೆಂದು ಅಳತೆ ಕೊಟ್ಟೇ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕುಕ್ಕಬಾರದು. ಇದನ್ನು ನೋಡಲು ಜರ್ಮನಿಯಿಂದ ಯಂತ್ರ ತರಿಸಬೇಕಿಲ್ಲ. ಎಂಟು ಮೀಟರ್ ಹಗ್ಗ, ಒಂದೂವರೆ ಮೀಟರ್ ಎತ್ತರಕ್ಕೆ ಬಿಳಿ ಹಲಗೆ ಹೊಡೆದ ಒಂದು ಕೋಲು ಸಾಕು. ಹಲಗೆ ಬೆಳ್ಳಗೆ ಉರಿದರೆ ದಂಡ ಹಾಕಿ. ಬೆಳಕು ಅದರ ಬುಡದಲ್ಲೇ ಉಳಿದರೆ ಬಿಟ್ಟು ಕಳಿಸಿ. ಒರಟು ಪರೀಕ್ಷೆಯೇ, ಒಪ್ಪುತ್ತೇನೆ. ಬರಿಗಣ್ಣಿನ ಅಂದಾಜಿಗಿಂತ ವಾಸಿ. ಅದೇ ಕೋಲನ್ನು ಕಾರುಗಳ ಮುಂದೆಯೂ ಹಿಡಿಯಬೇಕು, ಮುಖ್ಯವಾಗಿ ಎದೆಯೆತ್ತರದಲ್ಲಿ ದೀಪವಿರುವ ಹೊಸ ಎಸ್‌ಯುವಿಗಳ ಮುಂದೆ. ಬೈಕಿನವನನ್ನು ಕೈಯಡ್ಡ ಹಿಡಿದು ನಿಲ್ಲಿಸುವುದು ಸುಲಭ ಎಂಬುದು ಬೈಕಿನವನ ತಪ್ಪಲ್ಲ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇದನ್ನು ಹೇಳುವ 182ಎ ಸೆಕ್ಷನ್ನಿನಲ್ಲೇ ಮಾರುವವನ ಮಾತೂ ಇದೆ: ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಗುಣಮಟ್ಟವಿಲ್ಲದೆ ಮಾರಿದರೆ ಒಂದೊಂದಕ್ಕೂ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಎರಡೂ. ಕಟ್ಟಿಕೊಂಡವನನ್ನು ನಡುರಾತ್ರಿ ಹಿಡಿಯುವುದಕ್ಕಿಂತ, ಮಾರುವವನನ್ನು ಹಗಲಲ್ಲೇ ಅಂಗಡಿಯಲ್ಲಿ ಕೇಳುವುದು ಸಲೀಸು. ಬಿಡಿಭಾಗದ ಅಂಗಡಿಗಳ ಸಾಲಿರುವ ಬೆಂಗಳೂರಿನ ಜೆ.ಸಿ. ರಸ್ತೆ ಹಗಲೆಲ್ಲ ತೆರೆದೇ ಇರುತ್ತದೆ.

ನಮ್ಮ ಜೋಡಿ ದೀಪವನ್ನು ಸ್ಪಾಟ್ ಲೈಟೆಂದೇ ಎಣಿಸಿದರೂ ಇನ್ನೊಂದು ಬಾಗಿಲು ತಮ್ಮ ಕೈಯಲ್ಲೇ ಇದೆ. ವಾಹನದ ಮುಂದೆ ಸ್ಪಾಟ್ ಲೈಟ್ ಹಾಕಬಾರದೆನ್ನುವ, ಅದೇ 1989ರ ನಿಯಮಗಳ 111ನೇ ನಿಯಮ, ಅಸಾಧಾರಣ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರದ ಒಪ್ಪಿಗೆಯ ಮೇಲೆ ಹಾಕಬಹುದು ಎಂದೂ ಹೇಳುತ್ತದೆ. ನೋಂದಣಿ ಪ್ರಾಧಿಕಾರವೆಂದರೆ ತಮ್ಮ ಆರ್‌ಟಿಒ ಕಚೇರಿಗಳೇ. ಚಾರ್ಮಾಡಿ ಘಾಟಿಯ ಮಳೆಗಾಲದ ಮಂಜು, ಆನೆ ಓಡಾಡುವ ಹಾಸನ ಜಿಲ್ಲೆಯ ತೋಟದ ರಸ್ತೆ, ರಾತ್ರಿ ಪಾಳಿಯ ಕರೆಂಟು ಅಸಾಧಾರಣ ಸಂದರ್ಭಗಳೋ ಅಲ್ಲವೋ, ತಾವೇ ಒಂದು ಸುತ್ತೋಲೆಯಲ್ಲಿ ಹೇಳಿಬಿಡಿ. ಹೌದಾದರೆ ಎಂಥ ದೀಪ, ಎಷ್ಟು ಎತ್ತರದಲ್ಲಿ, ಯಾವ ಬಣ್ಣ ಎಂದೂ ಸೇರಿಸಿ. ಕಟ್ಟಿಸಿಕೊಂಡ ಮೇಲೆ ಎಮಿಷನ್ ಟೆಸ್ಟ್ ಮಾಡುವ ಕಡೆಯೇ ಬೆಳಕಿನ ಕೋನವನ್ನೂ ನೋಡಿ ಚೀಟಿ ಕೊಡುವಂತಾಗಲಿ. ಅದಕ್ಕೆ ಐವತ್ತೋ ನೂರೋ ಕೊಡಲು ಯಾರೂ ಹಿಂಜರಿಯುವುದಿಲ್ಲ.

ಅದೆಲ್ಲ ಆಗುವವರೆಗೆ, 111ನೇ ನಿಯಮದ ಒಪ್ಪಿಗೆ ಕೇಳಿ ಅರ್ಜಿ ಹಾಕುವವರು ಯಾವ ನಮೂನೆ ತುಂಬಬೇಕು, ಯಾವ ಕೌಂಟರಿಗೆ ಹೋಗಬೇಕು, ಶುಲ್ಕ ಎಷ್ಟು ಎಂಬುದನ್ನಾದರೂ ಪ್ರತಿ ಆರ್‌ಟಿಒ ಕಚೇರಿಯ ಹೊರಗೆ ಕನ್ನಡದಲ್ಲಿ ಬರೆಸಿ ಹಾಕಿಸಬೇಕೆಂದು ಕೋರುತ್ತೇನೆ. ಮೊದಲ ಅರ್ಜಿ ನನ್ನದೇ.

ಇಂತಿ ತಮ್ಮ ವಿಶ್ವಾಸಿ,
ಹಳ್ಳಿ ರಸ್ತೆಯ ಒಬ್ಬ ಬೈಕ್ ಸವಾರ