ಜೋಮು ಹಿಡಿದ ಕೈಯ ಅಹವಾಲು

ಅಂಕೋಲೆಯಿಂದ ಯಲ್ಲಾಪುರದತ್ತ ಹೊರಟ ಹೆದ್ದಾರಿಯು ಗಂಗಾವಳಿಯ ನೆರೆಯಲ್ಲಿ ಸಾಗಿ, ರಾಮನಗುಳಿಯನ್ನು ದಾಟಿ, ಅರಬೈಲು ಘಟ್ಟವನ್ನೇರುತ್ತದೆ. ಬಸ್ಸಿನ ಕಿಟಕಿಯಿಂದ ಕಾಡಿನ ಚೆಲುವನ್ನು ಸವಿಯುವ ಪ್ರಯಾಣಿಕನಿಗೆ, ಇಂಥ ದಾರಿಗಳಿಗಾಗಿ ಬಂಡೆ ಕೊರೆಯುವವರ ನೆನಪಾಗುವುದು ಅಪರೂಪ. ಗಾಳಿಯ ಒತ್ತಡದಿಂದ ನಡೆಯುವ ಕೊರೆಯಂತ್ರವನ್ನು, ಎಂದರೆ ಜನರ ಬಾಯಲ್ಲಿ ಜಾಕ್‌ಹ್ಯಾಮರ್ ಎನಿಸಿಕೊಂಡಿರುವುದನ್ನು, ಮೈಭಾರ ಹಾಕಿ ಒತ್ತಿ ಹಿಡಿದವನ ಕೈಗೆ ಕಲ್ಲಿಗೆ ಬಿದ್ದ ಪ್ರತಿಯೊಂದು ಪೆಟ್ಟಿನ ಪಾಲೂ ಮರಳಿ ಬರುತ್ತದೆ.

ಮೊದಮೊದಲು ಕೆಲಸ ಮುಗಿದ ಮೇಲೆ ಬೆರಳಿಗೆ ಜೋಮು ಹಿಡಿಯುತ್ತದೆ. ಯಾರೂ ಅದನ್ನು ರೋಗವೆಂದೆಣಿಸುವುದಿಲ್ಲ. ವರ್ಷಗಳುರುಳಿದಂತೆ ಜೋಮು ರಾತ್ರಿಯ ನಿದ್ರೆಯನ್ನೂ ಕೆಡಿಸುತ್ತದೆ. ಕೊನೆಗೆ ಅಂಗಿಯ ಗುಂಡಿ ಹಾಕಲು, ನೆಲಕ್ಕೆ ಬಿದ್ದ ನಾಣ್ಯವನ್ನೆತ್ತಲು ಮಡದಿಯನ್ನೋ ಮಗುವನ್ನೋ ಕರೆಯಬೇಕಾಗುತ್ತದೆ. ಚಳಿಯ ದೇಶಗಳಲ್ಲಾದರೆ ಬೆರಳು ಸುಣ್ಣದಂತೆ ಬೆಳ್ಳಗಾಗುವುದೂ ಉಂಟು. 1918ರಲ್ಲಿ ಅಮೆರಿಕೆಯ ಇಂಡಿಯಾನಾ ಸಂಸ್ಥಾನದ ಬೆಡ್‌ಫರ್ಡಿನ ಸುಣ್ಣಕಲ್ಲು ಕುಟಿಗರ ಕೈಗಳನ್ನು ಪರೀಕ್ಷಿಸಿ ಈ ಬೇನೆಯನ್ನು ವಿವರವಾಗಿ ವರ್ಣಿಸಿದವಳು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ.

ಇಂಥ ಕೈಯುಳ್ಳವನೊಬ್ಬನು ಪರಿಹಾರ ಕೇಳಿದನೆಂದಿಟ್ಟುಕೊಳ್ಳಿ. ಮಾಲೀಕನ ವಕೀಲರ ಬಳಿ ಉತ್ತರಗಳಿಗೇನೂ ಬರವಿಲ್ಲ. ಜೋಮು ಸಕ್ಕರೆಯ ರೋಗದಿಂದ ಬಂದಿರಬಹುದು, ಬೀಡಿಯ ಚಟವೂ ಕಾರಣವಾಗಿರಬಹುದು. ಇವನು ಹತ್ತು ಕಡೆ ದುಡಿದವನು, ಯಾರ ಯಂತ್ರದಿಂದ ಬಂತೆಂದು ಹೇಳುವವರಾರು? ಈ ವಾದಗಳೆಲ್ಲ ಹುಸಿಯೆನ್ನಲಾಗದು. ನರದ ಬೇನೆಗೆ ಕಾರಣಗಳು ಹಲವು. ಮಾಡದ ತಪ್ಪಿಗೆ ದಂಡ ತೆರಬೇಕಾಗಿಲ್ಲವೆಂಬ ಹಕ್ಕು ಮಾಲೀಕನಿಗೂ ಇದೆ. ಆದರೆ 'ಬೆರಳು ಬೆಳ್ಳಗಾಗಿಲ್ಲವಲ್ಲ' ಎಂಬ ವಾದ ಮಾತ್ರ ಕರಾವಳಿಯ ಸೆಕೆಯಲ್ಲಿ ನಿಲ್ಲುವಂಥದಲ್ಲ. ಬಿಸಿಲ ನಾಡುಗಳಲ್ಲಿ ಬೆರಳು ಬಿಳುಪೇರುವುದು ವಿರಳ, ಜೋಮು ನೋವುಗಳೇ ಮುಂದಾಗಿ ಕಾಣುತ್ತವೆಂಬುದು ವೈದ್ಯರು ಕಂಡುಕೊಂಡ ಸಂಗತಿ. 'ಅವನು ಗುತ್ತಿಗೆದಾರನ ಆಳು' ಎಂದು ಜಾರಿಕೊಳ್ಳುವುದೂ ಸುಲಭವಾಗಿರಲಿಲ್ಲ; 1923ರ ಕಾರ್ಮಿಕರ ಪರಿಹಾರ ಕಾಯಿದೆಯ 12ನೆಯ ಕಲಮು, ತನ್ನ ಕಸುಬಿನ ಕೆಲಸವನ್ನೇ ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನನ್ನು ಹೊಣೆಗಾರನನ್ನಾಗಿ ಮಾಡಿತ್ತು.

ಮಾಲೀಕನ ನಿಜವಾದ ಕೋಟೆಯಿದ್ದದ್ದು ಬೇರೆಡೆ. ಆ ಕಾಯಿದೆಯು ಮಾಲೀಕನ ಅಲಕ್ಷ್ಯವನ್ನು ಸಿದ್ಧಪಡಿಸೆಂದು ಕಾರ್ಮಿಕನನ್ನು ಕೇಳುತ್ತಿರಲಿಲ್ಲ. ಅದು ಅದರ ಹಿರಿಮೆ. ಆದರೆ ಬೇನೆಯ ಹೆಸರು ಮೂರನೆಯ ಅನುಸೂಚಿಯ ಪಟ್ಟಿಯಲ್ಲಿರಬೇಕು. ಇಲ್ಲವಾದರೆ, ಕೆಲಸದಲ್ಲಿ ಸಂಭವಿಸಿದ ನಿರ್ದಿಷ್ಟ ಅಪಘಾತವೊಂದರ ಗಾಯದಿಂದಲೇ ಅದು ನೇರವಾಗಿ ಹುಟ್ಟಿರಬೇಕು. ಹತ್ತು ವರ್ಷ ದಿನವೂ ಚೂರುಚೂರಾಗಿ ಸವೆದ ಕೈಗೆ ಅಪಘಾತದ ದಿನಾಂಕವನ್ನು ಎಲ್ಲಿಂದ ತರುವುದು?

ಆ ಪಟ್ಟಿಯನ್ನು ಓದುವುದೇ ಒಂದು ಅನುಭವ. ಕೊರೆಯಂತ್ರವು ಎಬ್ಬಿಸುವ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ಅದರಲ್ಲಿತ್ತು. ಕೋಲಾರದ ಚಿನ್ನದ ಗಣಿಯವರ ಮನೆಗಳಲ್ಲಿ ಮಕ್ಕಳಿಗೂ ಪರಿಚಿತವಾಗಿದ್ದ ಹೆಸರದು. ಅದೇ ಯಂತ್ರದ ಸದ್ದಿನಿಂದ ಬರುವ ಕಿವುಡೂ ಇತ್ತು. ಅದೇ ಯಂತ್ರದ ನಡುಕದಿಂದ ಕೆಡುವ ಕೈ ಮಾತ್ರ ಇರಲಿಲ್ಲ. ಹಿಮಪ್ರದೇಶದಲ್ಲಿ ದುಡಿಯುವವರಿಗೆ ಬರುವ ಹಿಮಾಂಧತೆಗೂ ಅಲ್ಲಿ ಸ್ಥಳವಿತ್ತೆಂಬುದನ್ನು ವಾಚಕರು ಗಮನಿಸಬೇಕು. ಹಿಮಾಲಯದವನ ಕಣ್ಣಿಗೆ ದೊರೆತದ್ದು ನ್ಯಾಯವೇ ಸರಿ. ಘಟ್ಟದವನ ಕೈ ಮಾಡಿದ ಪಾಪವೇನು?

ಬ್ರಿಟನ್ನಿನಲ್ಲಿ ಈ ಬೇನೆಯು 1985ರಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿತು. ಅಲ್ಲಿಯೂ ಕಲ್ಲಿದ್ದಲ ಗಣಿಗಳ ಸರಕಾರೀ ಸಂಸ್ಥೆಯಾಗಿದ್ದ ಬ್ರಿಟಿಷ್ ಕೋಲ್ ತನ್ನ ಕಾರ್ಮಿಕರ ದಾವೆಗಳನ್ನು ಕೊನೆಯವರೆಗೆ ಎದುರಿಸಿತು. 1973ರ ವೇಳೆಗೇ ಸಂಸ್ಥೆಯು ಅಪಾಯವನ್ನು ಅರಿತಿರಬೇಕಾಗಿತ್ತೆಂಬ ತೀರ್ಪನ್ನು 1998ರಲ್ಲಿ ಮೇಲ್ಮನವಿ ನ್ಯಾಯಾಲಯವು ಎತ್ತಿಹಿಡಿಯಿತು. ಮುಂದೆ ಒಂದು ಲಕ್ಷಕ್ಕೂ ಮಿಕ್ಕಿದ ಗಣಿಗಾರರ ಅರ್ಜಿಗಳು ಬಂದು, ಭಾರವೆಲ್ಲ ಸರಕಾರದ ಬೊಕ್ಕಸದ ಮೇಲೆ ಬಿತ್ತು. ಎಚ್ಚರಿಕೆ ಕೊಡುವುದು, ಕೈಗಳನ್ನು ಆಗಾಗ ಪರೀಕ್ಷಿಸುವುದು, ಯಂತ್ರವನ್ನು ಸರದಿಯಂತೆ ಹಿಡಿಸುವುದು: ಇವನ್ನು ಕಾಲಕ್ಕೆ ಸರಿಯಾಗಿ ಮಾಡಿದ್ದರೆ ಆಗುತ್ತಿದ್ದ ವೆಚ್ಚವೆಷ್ಟು? ಯಾರು ಯಾವ ಯಂತ್ರವನ್ನು ಎಷ್ಟು ಹೊತ್ತು ಹಿಡಿದರೆಂಬ ಲೆಕ್ಕವನ್ನು ಅಂದಂದೇ ಬರೆದಿಟ್ಟ ಮಾಲೀಕನಿಗೆ ನ್ಯಾಯಾಲಯದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ಹಾಜರಿ ಪುಸ್ತಕವೇ ಇಲ್ಲದ ಕಡೆ ನಷ್ಟ ಇಬ್ಬರಿಗೂ. ಕಾರ್ಮಿಕನಿಗೆ ಎರಡು ಪಾಲು ಹೆಚ್ಚು.

1923ರ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಬಂದಿತು. ಹಳೆಯ ಪಟ್ಟಿಯನ್ನು ಅದು ಬಹುಮಟ್ಟಿಗೆ ಇದ್ದಂತೆಯೇ ಮುಂದುವರಿಸಿತು. ಪಟ್ಟಿಗೆ ಹೊಸ ರೋಗವೊಂದನ್ನು ಸೇರಿಸಲು ಹಳೆಯ ಕಾಯಿದೆಯು ಸರಕಾರದಿಂದ ಕೇಳಿದ್ದು, ರಾಜ್ಯಪತ್ರದಲ್ಲಿ ಮೂರು ತಿಂಗಳ ಮುನ್ಸೂಚನೆಯನ್ನು ಮಾತ್ರ. ಆ ಮೂರು ತಿಂಗಳು ನೂರು ವರ್ಷಗಳಲ್ಲಿ ಒಮ್ಮೆಯೂ ಕೂಡಿಬರಲಿಲ್ಲ.