ಕೂಸು ಎಲ್ಲೈತಿ ಅಂತ ಕೇಳಿದವರಿಗೆ

ಈ ವಾರ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೇನಿ ಅಂತ ಹೇಳಿದ್ದೆ. ಅದು ಮುಂದಿನ ಸಲ. ಮೊದಲ ಹೊಟ್ಟಿಯೊಳಗಿನ ಸಿಟ್ಟು ಹೊರಗ ಹಾಕ್ತೇನಿ, ಇಲ್ಲಾಂದ್ರ ಉಪ್ಪಿನಕಾಯಿನೂ ಕೆಡತೈತಿ.

ಹೋದ ಐತವಾರ ಶಿಗ್ಗಾಂವದಾಗ ನಮ್ಮ ನೆಗೆಣ್ಣಿ ಮೊಮ್ಮಗನ್ನ ತೊಟ್ಟಲದಾಗ ಹಾಕೂ ಕಾರ್ಯ ಇತ್ತು. ಗೋದಿ ಹುಗ್ಗಿ ಛಲೋ ಆಗಿತ್ತು, ಅದರ ಬಗ್ಗೆ ತಕರಾರಿಲ್ಲ. ಊಟ ಆಗಿ ಎಲಿ-ಅಡಕಿ ತಟ್ಟಿ ಸುತ್ತ ಕುಂತಿದ್ವಿ. ಸವಣೂರಿಂದ ಬಂದಿದ್ದ ನಮ್ಮ ಪೈಕಿ ಒಬ್ಬಾಕಿ, ತಾನ ತಂದಿದ್ದ ಸವಣೂರ ಎಲಿಗೆ ಸುಣ್ಣ ಹಚ್ಚಿಕೋತ ಕೇಳಿದ್ಲು: "ಅಲ್ರೀ ಕಾಕಿ, ನಿಮ್ಮ ಸೊಸಿ ಈಗರೆ ಮಗಳ್ನ ಕರಕೊಂಡು ಅಡ್ಡಾಡ್ತಾಳೋ, ಇಲ್ಲಾ ಇನ್ನೂ ನಿಮ್ಮ ಕೊಳ್ಳಿಗೆ ಕಟ್ಟಿ ಹೋಗ್ತಾಳೋ?"

ಎಲ್ಲಾರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕ ಬಸ್ಸಿನ್ಯಾಗ ಹಾನಗಲ್ ಮುಟ್ಟೂತನಕ ನನಗ ನನ್ನ ಮ್ಯಾಲೆ ಹೇಸಿಗಿ ಬಂತು. ಯಾಕಂದ್ರ ಆ ಸೊಸಿ ಪರವಾಗಿ ಮಾತಾಡಾಕ ಅಲ್ಲಿ ನನ್ನ ಬಿಟ್ರ ಬ್ಯಾರೆ ಯಾರೂ ಇರಲಿಲ್ಲ. ಆವಾಗ ಆಡದ ಮಾತು ಈಗ ಬರೀತೇನಿ. ಆಕಿ ಓದ್ತಾಳ ಅಂತ ಗೊತ್ತೈತಿ, ಓದಲಿ.

ನಡದದ್ದು ಇಷ್ಟ. 2024ರ ಮೇ ತಿಂಗಳದಾಗ ನಾನು ಜರ್ಮನಿಯ ಮ್ಯೂನಿಕ್‌ಗೆ ಮಗನ ಮನಿಗೆ ಹೋಗಿದ್ದೆ. ನಮ್ಮಂಥವರಿಗೆ ಅಲ್ಲಿ 90 ದಿವಸದ ವೀಸಾ. 90 ದಿನಕ್ಕ ಬೇಕಾದಷ್ಟು ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಸವಣೂರ ಖಾರ ಕಟಗೊಂಡು ಹೋಗಿದ್ದೆ. ಮೊಮ್ಮಗಳಿಗೆ ಆವಾಗ ಎರಡೂವರಿ ವರ್ಷ. ಮಗ, ಸೊಸಿ ಇಬ್ಬರಿಗೂ ನೌಕರಿ. ಒಂದು ಶನಿವಾರ ನಸಿಕಿನ್ಯಾಗ ಅವರಿಬ್ಬರೂ ರೈಲು ಹತ್ತಿ ವಿಯೆನ್ನಾಕ್ಕ ಹೋದ್ರು. ಅದು ಆಸ್ಟ್ರಿಯಾ ದೇಶದ ರಾಜಧಾನಿ, ನಾಕು ತಾಸಿನ ದಾರಿ. ನಮಗ ಹಾನಗಲ್‌ದಿಂದ ಬೆಂಗಳೂರಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡೀತೈತಿ. ಐತವಾರ ರಾತ್ರಿ ಹತ್ತಕ್ಕ ತಿರುಗಿ ಬಂದ್ರು. ಕೂಸು ನನ್ನ ಕೂಡ ಇತ್ತು. ಕಥಿ ಮುಗೀತು.

ನಿಮಗ ಮುಗೀಲಿಲ್ಲ. ಅಲ್ಲಿ ಪ್ರಾಟರ್ ಅನ್ನೂ ಬಯಲಿನ್ಯಾಗ ಒಂದು ದೊಡ್ಡ ತಿರುಗೂ ತೊಟ್ಟಿಲು ಐತಿ, ನಮ್ಮ ಜಾತ್ರಿಯೊಳಗ ಬರತೈತಲ್ಲ ಹಂಥಾದ್ದು. ಆದ್ರ ಅದು 1897ರಿಂದ ಅಲ್ಲೇ ನಿಂತೈತಿ, ಕೂಡೂ ಡಬ್ಬಿ ಅಂದ್ರ ಸಣ್ಣ ಖೋಲಿ ಇದ್ದಂಗ. ಅದರಾಗ ಗಂಡ-ಹೆಂಡ್ತಿ ಕುಂತು ತಗದ ಫೋಟೋ ಸೊಸಿ ಸ್ಟೇಟಸ್‌ಗೆ ಹಾಕಿದ್ಲು. ಹತ್ತು ಮಿನಿಟಿನ್ಯಾಗ ಮೊದಲನೇ ಪ್ರಶ್ನಿ: ಕೂಸು ಎಲ್ಲೈತಿ? ಆಮ್ಯಾಲೆ ಎರಡನೇದು, ಮೂರನೇದು. ಒಬ್ಬಾಕಿ ಬರದಿದ್ಲು: ಕೂಸಿನ್ನ ತೊಟ್ಟಲದಾಗ ಬಿಟ್ಟು ಅವ್ವ ತೊಟ್ಟಲ ಹತ್ಯಾಳ. ಬರದಾಕಿ ನಮ್ಮ ಓಣಿಯಾಕೆ, ಹೆಸರು ಹೇಳೂದಿಲ್ಲ. ಮಾತು ಚೂಪಾಗೇ ಇತ್ತು, ಅದನ್ನ ಒಪ್ಪಲೇಬೇಕು.

ಆ ಪ್ರಶ್ನಿ ಯಾರಿಗೆ ಬಂತು ಅಂತ ನೋಡ್ರಿ. ಫೋಟೋದಾಗ ಇಬ್ಬರು ಇದ್ರು. ನನ್ನ ಮಗನ ಫೋನಿಗೆ ಒಂದೂ ಬರಲಿಲ್ಲ. ಅದಕ್ಕಿಂತ ಎರಡು ತಿಂಗಳ ಮೊದಲ ಅಂವ ಆಫೀಸಿನ ಗೆಳೆಯಾರ ಕೂಡ ಮೂರು ದಿವಸ ಹಿಮದ ಗುಡ್ಡಕ್ಕ ಜಾರಾಟ ಆಡಾಕ ಹೋಗಿದ್ದ, ಅದರ ಫೋಟೋನೂ ಬಂದಿತ್ತು. ಆವಾಗ ಮನಿಯಾಗ ಅಜ್ಜಿ ಇರಲಿಲ್ಲ, ಸೊಸಿ ಒಬ್ಬಾಕಿ, ಕೂಸಿಗೆ ನೆಗಡಿ. ನೀವು ಏನ್ ಬರದಿದ್ರಿ? "ಥಂಡಿ ಭಾಳ ಐತಿ, ಕಿವಿಗೆ ಟೊಪಿಗಿ ಹಾಕ್ಕೋ ಅಪ್ಪಾ." ಕೂಸಿನ ಸುದ್ದಿ ಯಾರೂ ಎತ್ತಲಿಲ್ಲ. ನಮ್ಮ ಗಂಡಸರು ಗೋವಾಕ್ಕ ಹೋಗ್ತಾರ, ಧರ್ಮಸ್ಥಳಕ್ಕ ಹೋಗ್ತಾರ, ಮಾಲಿ ಹಾಕ್ಕೊಂಡು ಶಬರಿಮಲಿಗೆ ಹೋಗ್ತಾರ. ನಾವ ಚೀಲ ತುಂಬಿ ಕೊಡ್ತೇವಿ, ಬಾಗಲಿಗೆ ನಿಂತು ಕಳಸ್ತೇವಿ. ಅವರಿಗೆ ಮಕ್ಕಳ್ಯಾರಿಲ್ಲೇನು?

ಎಲ್ಲಾಕ್ಕಿಂತ ಕೆಟ್ಟದ್ದು ಸೋಮವಾರ ಆತು. ಹಿರೇಕೆರೂರಿನ್ಯಾಗ ಇರೂ ನಮ್ಮ ಬೀಗತಿ ಫೋನ್ ಮಾಡಿ ಅಳಾಕ ಹತ್ತಿದ್ರು. "ತಪ್ಪಾತ್ರಿ ಅಕ್ಕಾರ, ನಾವು ಮಗಳಿಗೆ ಹಿಂಗ ಕಲಿಸಿರಲಿಲ್ಲ" ಅಂದ್ರು. ಕೆರಿ ದಂಡಿ ಮ್ಯಾಲೆ ವಾಕಿಂಗ್ ಹೋದಾಗ ಯಾರೋ ಅವರಿಗೆ ನಿಮ್ಮ ಮಗಳು ಹಿಂಗಂತಲ್ಲ ಅಂದಿದ್ರಂತ. ಅರವತ್ತು ದಾಟಿದ ಹೆಣಮಗಳು, ಸಕ್ಕರಿ ಬ್ಯಾನಿ ಇದ್ದಾಕಿ, ನನ್ನ ಕಡೆ ತಪ್ಪೊಪ್ಪಿಗಿ ಕೇಳ್ತಾಳ. ಮಗಳು ತನ್ನ ಲಗ್ನದ ಗಂಡನ ಕೂಡ ಎರಡು ದಿವಸ ಊರು ನೋಡಿದ್ದಕ್ಕ! ನಮ್ಮ ಬಾಯಿ ಚಟಕ್ಕ ಯಾರ ರಕ್ತದೊತ್ತಡ ಏರತೈತಿ ಅಂತ ಒಂದು ಸಲ ಯೋಚನಿ ಮಾಡ್ರಿ.

ಈಗ ನೀವು ಅಂತೀರಿ, ಕೂಸಿನ್ನ ಬಿಟ್ಟು ಹೋಗೂದು ತಪ್ಪಲ್ಲೇನು ಅಂತ. ಬಿಟ್ಟು ಹೋಗದವರು ಯಾರದೀರಿ, ಕೈ ಎತ್ರಿ. ಕಳೆ ತಗಿಯಾಕ ಹೊಲಕ್ಕ ಹೋಗೂ ಮುಂದ ಎರಡು ವರ್ಷದ ಮಗನ್ನ ಕುರುಡ ಅಜ್ಜಿ ಕೈಯಾಗ ಕೊಟ್ಟು ಹೋಗಿದ್ದು ನಾನ. ನಮ್ಮವ್ವ ನನ್ನ ಬಿಟ್ಟು ಭತ್ತ ನಾಟಿ ಮಾಡಾಕ ಹೋಗ್ತಿದ್ಲು. ಟೀಚರ್ ಇದ್ದವರು, ಗಾರ್ಮೆಂಟ್‌ಗೆ ಹೋಗೂವ್ರು, ಬ್ಯಾಂಕಿನವರು, ಎಲ್ಲಾರೂ ಬಿಟ್ಟೇ ಹೋಗ್ತಾರ. ಈಗಂತೂ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗೂ ತಾಯಂದ್ರಿಗಂತ ಸರಕಾರನ ಗ್ರಾಮ ಪಂಚಾಯ್ತಿಯೊಳಗ ಕೂಸಿನ ಮನಿ ತಗದೈತಿ. ಜರ್ಮನಿಯೊಳಗ ಕೂಸಿಗೆ ವರ್ಷ ತುಂಬಿದ್ರ ಹಂಥಾ ಕಡೆ ಜಾಗ ಕೇಳೂ ಹಕ್ಕು 2013ರಿಂದ ಕಾಯ್ದೆದಾಗ ಐತಿ. ದುಡಿಮಿಗೆ ಬಿಟ್ರ ಯಾರೂ ತುಟಿ ಪಿಟಕ್ ಅನ್ನೂದಿಲ್ಲ. ನಗಾಕ ಬಿಟ್ರ ಪಂಚಾಯ್ತಿ ಕೂಡತೈತಿ. ಅಂದ್ರ ನಮ್ಮ ತಕರಾರು ಕೂಸಿನ ಬಗ್ಗೆ ಅಲ್ಲವ್ವಾ. ತಾಯಿ ಖುಷಿಲೆ ಇದ್ದದ್ದರ ಬಗ್ಗೆ.

ಕೂಸಿಗೇನಾತು ಅಂತ ಕೇಳ್ತೀರಿ, ಹೇಳ್ತೇನಿ. ಶನಿವಾರ ಸಂಜಿಕ ಅವ್ವ ಬೇಕು ಅಂತ ಅತ್ತಿತು. ಬಿಸಿ ರೊಟ್ಟಿಗೆ ಬೆಲ್ಲ-ತುಪ್ಪ ಸವರಿ ಸುರುಳಿ ಮಾಡಿ ಕೊಟ್ಟೆ, ತಿಂದು ಮಲಗಿತು. ಐತವಾರ ವಿಡಿಯೋ ಫೋನ್ ಬಂದಾಗ ನನ್ನ ಹಿಟ್ಟಿನ ಪರಾತದಾಗ ಕೈ ಹಾಕಿತ್ತು, ಅವ್ವನ ಕಡೆ ತಿರುಗಿನೂ ನೋಡಲಿಲ್ಲ. ಅದಕ್ಕ ಸೊಸಿನ ಆ ಕಡೆ ಕಣ್ಣೀರು ಹಾಕಿದ್ಲು. ಅಷ್ಟ.

ಆ ಮನಿಯೊಳಗ ನಾನು ನೋಡಿದ್ದು ಬ್ಯಾರೆ ಐತಿ. ಅಲ್ಲಿ ಅತ್ತಿ ಇಲ್ಲ, ನಾದಿನಿ ಇಲ್ಲ, ಹಿಡಕೋರಿ ಎರಡು ಮಿನಿಟು ಅಂತ ಕೂಸಿನ್ನ ಕೊಡಾಕ ಮಗ್ಗಲ ಮನಿ ಅಕ್ಕಾರಿಲ್ಲ. ಕೂಸಿನ ಮನಿ ಶುಕ್ರವಾರಕ್ಕ ಮುಚ್ಚಿದ್ರ ಮುಗೀತು. ಐತವಾರ ಅಂಗಡಿ ಸೈತ ತೆರದಿರೂದಿಲ್ಲ. ಮಗ-ಸೊಸಿ ಪಾಳಿ ಹಚ್ಚಿ ಉಣ್ತಿದ್ರು, ಒಬ್ಬರು ಉಣ್ಣೂ ಮುಂದ ಇನ್ನೊಬ್ಬರು ಕೂಸಿನ ಹಿಂದ. ಮಾತಂದ್ರ ಡೈಪರ್ ತೀರೇತಿ, ನಾಳೆ ಯಾರು ಕರಕೊಂಡು ಬರೂದು, ಜ್ವರ ಎಷ್ಟೈತಿ. ನಾನು ಹೋಗಿ ಮೂರು ವಾರ ಆದ್ರೂ ಅವರು ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದು ಕಾಣಲಿಲ್ಲ. ಜಗಳನೂ ಇರಲಿಲ್ಲ, ಅದಕ್ಕ ನನಗ ಹೆಚ್ಚು ಅಂಜಿಕಿ ಬಂತು.

ವಿಯೆನ್ನಾದಿಂದ ಬಂದ ಮ್ಯಾಲೆ ಏನೇನ್ ನೋಡಿದ್ರಿ ಅಂತ ಕೇಳಿದೆ. ಅರಮನಿ ನೋಡಿದ್ರಂತ, ತೊಟ್ಟಲ ಹತ್ತಿದ್ರಂತ. ಅಲ್ಲಿ ಕಾಫಿ ಹೋಟೆಲಿನ್ಯಾಗ ಒಂದು ಕಪ್ ಕಾಫಿ, ಮಗ್ಗಲಕ ಒಂದು ಗ್ಲಾಸ್ ನೀರು ಇಟ್ಟು ಕೊಡ್ತಾರಂತ. ಎಷ್ಟು ಹೊತ್ತು ಕುಂತ್ರೂ ಯಾರೂ ಏಳ್ರಿ ಅನ್ನೂದಿಲ್ಲಂತ. ಆಮ್ಯಾಲೆ ಸೊಸಿ ಅಂದ್ಲು: "ಅತ್ತಿ, ಕಾಫಿ ಬಿಸಿ ಇದ್ದಾಗ ಕುಡದ್ವಿ." ಅರಮನಿಗಿಂತ ಅದನ್ನ ಹೇಳೂ ಮುಂದ ಆಕಿ ಮುಖ ಅರಳಿತ್ತು. ಕೂಸು ಹಡದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಾಲಕ್ಕ ಹಿಂಗೆಲ್ಲಾ ಇರಲಿಲ್ಲ ಅಂತೀರಿ. ಇರಲಿಲ್ಲ, ಖರೇನ. ನಮಗ ಪಂಚಮಿ ಇತ್ತು. ಅಣ್ಣ ಬಂದು ತವರಿಗೆ ಕರಕೊಂಡು ಹೋಗ್ತಿದ್ದ. ಉಂಡಿ, ಜೋಕಾಲಿ, ಗೆಳತ್ಯಾರು, ನಾಕು ದಿವಸ ಅತ್ತಿ ಮನಿ ಒಲಿ ಇಲ್ಲ. ಆದ್ರ ಮಕ್ಕಳು ಸೆರಗಿಗೇ ಜೋತುಬಿದ್ದಿರ್ತಿದ್ವು, ಗಂಡ ಒಂದು ಹೊತ್ತು ಉಂಡು ಹೊಲಕ್ಕ ತಿರುಗಿ ಹೋಗ್ತಿದ್ದ. ಗಂಡಸರಿಗೆ ಅವರವರ ಗೆಳೆಯಾರ ಕೂಡ ತಿರುಗಾಟ ಇತ್ತು, ಹೆಂಗಸರಿಗೆ ತವರು ಇತ್ತು. ಇಬ್ಬರೂ ಕೂಡಿ ಹೋಗೂದು ಅಂದ್ರ ಲಗ್ನಕ್ಕ, ಮಣ್ಣಿಗೆ, ಹರಕಿಗೆ. ಅಲ್ಲಿನೂ ಅಂವ ಗಂಡಸರ ಪಂಕ್ತಿಯೊಳಗ, ನಾನು ಅಡಗಿ ಮನಿಯೊಳಗ.

ನಮ್ಮ ಯಜಮಾನ್ರ ಕೂಡ ನಾನು ಮಕ್ಕಳ್ನ ಬಿಟ್ಟು ಮೊದಲನೇ ಸಲ ಊರು ದಾಟಿದ್ದು ಲಗ್ನಾಗಿ 14 ವರ್ಷಕ್ಕ. ಹುಬ್ಬಳ್ಳಿಗೆ, ದವಾಖಾನಿಗೆ. ಅವರಿಗೆ ಮೂತ್ರದ ಹಳ್ಳಿನ ಆಪರೇಷನ್ ಇತ್ತು. ಮಕ್ಕಳ್ನ ಇದೇ ಶಿಗ್ಗಾಂವ ನೆಗೆಣ್ಣಿ ಹಿಡಕೊಂಡಿದ್ಲು, ಆವಾಗ ಯಾರೂ ಏನೂ ಅನ್ನಲಿಲ್ಲ. ಮನಿಗೆ ಬಿಟ್ಟ ದಿವಸ ಬಸ್ಸಿಗೆ ಎರಡು ತಾಸು ಹೊತ್ತಿತ್ತು. ದುರ್ಗದ ಬೈಲಿನ್ಯಾಗ ಅವರು ನನಗ ಗಿರಮಿಟ್ಟು, ಮಿರ್ಚಿ ಬಜಿ ಕೊಡಿಸಿದ್ರು. ಅವರಿಗೆ ತಿನ್ನಾಕ ಡಾಕ್ಟರು ಬ್ಯಾಡ ಅಂದಿದ್ರು. ಬರೇ ಚಹಾ ಹಿಡಕೊಂಡು ನಿಂತು ನಾನು ತಿನ್ನೂದು ನೋಡಿದ್ರು. "ನೀ ಇಷ್ಟು ಖಾರ ತಿಂತಿ ಅಂತ ನನಗ ಗೊತ್ತಿರಲಿಲ್ಲ" ಅಂದ್ರು. 14 ವರ್ಷ ನಾನು ಕೈಲೆ ಬಡಿದ ರೊಟ್ಟಿ ಉಂಡವರು. ಅವರಿಲ್ಲದ ಈಗ ಆರು ವರ್ಷ ಆತು. ನಾವಿಬ್ಬರೇ ಇದ್ದ ಸಂಜಿ ಯಾವುದು ಅಂತ ನೆನಸಿದ್ರ ನನಗ ಬರೂದು ಆ ಬಜಿ ಅಂಗಡಿ ಒಂದ. ಅದಕ್ಕೂ ಆಪರೇಷನ್ ಆಗಬೇಕಾತು.

ರೊಕ್ಕದ ಮಾತು ಬರತೈತಿ, ವಿಯೆನ್ನಾಕ್ಕ ಹೋಗಾಕ ನಮ್ಮ ಕಡೆ ಎಲ್ಲೈತಿ ಅಂತ. ವಿಯೆನ್ನಾ ಯಾರಿಗೆ ಬೇಕಾಗೇತಿ? 2023ರ ಜೂನ್ 11ರಿಂದ ನಮಗ ಬಸ್ಸು ಪುಕ್ಕಟ, ಗಂಡಗ ಒಂದು ಟಿಕೆಟ್ ತಗಸಿದ್ರ ಆತು. ಹಿಂಡು ಕಟಗೊಂಡು ಧರ್ಮಸ್ಥಳ, ಸಿಗಂದೂರು ತಿರುಗೀರಿ, ಛಲೋನ ಆತು. ಈಗ ಇಬ್ಬರ ಬನವಾಸಿಗೆ ಹೋಗಿ ಮಧುಕೇಶ್ವರ ಗುಡಿಯೊಳಗ ಕುಂತು ಬರ್ರಿ. ಶಿರಸಿಯೊಳಗ ಒಂದು ರಾತ್ರಿ ಉಳೀರಿ. ದೂರ ಬ್ಯಾಡಂದ್ರ ಸವಣೂರಿನ ದೊಡ್ಡ ಹುಣಸಿ ಗಿಡ ನೋಡ್ರಿ. ಆಫ್ರಿಕಾ ಖಂಡದ ಜಾತಿಯವು, ಕಲ್ಮಠದಾಗ ಮೂರು ನಿಂತಾವು. ನಾ ಹಾನಗಲ್‌ನ್ಯಾಗ ಹುಟ್ಟಿ ಬೆಳದಾಕಿ. ತಾರಕೇಶ್ವರ ಗುಡಿ ಛತ್ತಿನ್ಯಾಗ ಕಲ್ಲಿನ ಕಮಲ ಐತಿ ಅಂತ ಎಲ್ಲಾರಿಗೂ ಹೇಳ್ತಿದ್ದೆ. ತಲಿ ಎತ್ತಿ ಸಮಾಧಾನಲೆ ನೋಡಿದ್ದು ಐವತ್ತು ದಾಟಿದ ಮ್ಯಾಲೆ. ಅದಕ್ಕಿಂತ ಮೊದಲ ಕಣ್ಣು ಯಾವಾಗಲೂ ನೆಲದ ಮ್ಯಾಲೆ, ಹುಡುಗ್ರು ಎಲ್ಲಿ ಓಡಿದ್ರು ಅಂತ.

ಇಷ್ಟು ಹೇಳಿದೆ ಅಂತ ಮಗ-ಸೊಸಿದು ಎಲ್ಲಾ ಸರಿ ಅನ್ನೂದಿಲ್ಲ. ಟಿಕೆಟ್ ತಗದ ಮ್ಯಾಲೆ ನನಗ ಹೇಳಿದ ಮಗ. "ಅವ್ವಾ, ನೀ ಹೆಂಗೂ ಇರ್ತಿಯಲ್ಲ." ಆ "ಹೆಂಗೂ" ಅನ್ನೂದು ಎದಿಗೆ ಚುಚ್ಚಿತು. ನಾನೇನು ಕಪಾಟಿನ್ಯಾಗ ಇಟ್ಟ ಪಾತ್ರೆ ಅಲ್ಲ. ನನಗೂ ಮೊಣಕಾಲು ನೋವೈತಿ, ಎರಡೂವರಿ ವರ್ಷದ ಕೂಸಿನ ಹಿಂದ ಎರಡು ದಿವಸ ಓಡೂದು ಸಣ್ಣ ಕೆಲಸಲ್ಲ. ಒಲ್ಲೆ ಅನ್ನಾಕ ಅಜ್ಜಿಗೂ ಬಾಯಿ ಇರಬೇಕು. ಹಿಂಗಂತ ಅವನಿಗೆ ಎದುರಾ ಎದುರ ಹೇಳಿದೆ. ಸೊಸಿಗೆ ಅಂವ ನನ್ನ ಕೇಳೇ ಇಲ್ಲ ಅನ್ನೂದು ಆವಾಗ ಗೊತ್ತಾತು, ರೈಲು ಬ್ಯಾಡ, ಟಿಕೆಟ್ ವಾಪಸ್ ಮಾಡು ಅಂತ ಕುಂತ್ಲು. ನಾನ ಬೈದು ಕಳಿಸಿದೆ. ಅದಕ್ಕ ಬದಲಿಗೆ ಮುಂದಿನ ಶನಿವಾರ ನನಗ ರಜಾ ಅಂದೆ. ಮನಿ ವಿಳಾಸ ಬರದ ಚೀಟಿ ಪರ್ಸಿನ್ಯಾಗ ಇಟಗೊಂಡು ಒಬ್ಬಾಕೀನ ಟ್ರಾಮ್ ಹತ್ತಿ ಇಂಗ್ಲಿಷ್ ಗಾರ್ಡನ್ ಅನ್ನೂ ತೋಟಕ್ಕ ಹೋದೆ. ಅಲ್ಲಿ ಒಂದು ಕಾಲಿವಿಯೊಳಗ ತೆರಿ ಎದ್ದ ಕಡೆ ಹುಡುಗ್ರು ಹಲಗಿ ಮ್ಯಾಲೆ ನಿಂತು ತೇಲ್ತಿದ್ರು, ಬೀಳ್ತಿದ್ರು, ಮತ್ತ ಸಾಲಿಗೆ ನಿಲ್ತಿದ್ರು. ಎರಡು ತಾಸು ನೋಡ್ಕೋತ ಕುಂತೆ. ಯಾರೂ ನನ್ನ ಏನೂ ಕೇಳಲಿಲ್ಲ.

ಇನ್ನ ಸವಣೂರಾಕಿಗೆ ಒಂದು ಮಾತು. ತಂಗೀ, ನಿನ್ನ ಮ್ಯಾಲೆ ನನಗ ದ್ವೇಷ ಇಲ್ಲ. ನಿನಗೂ ನಾಕು ವರ್ಷದ ಮಗ, ವರ್ಷ ತುಂಬಿದ ಮಗಳು. ಅಂದು ತಟ್ಟಿ ಮುಂದ ಕುಂತಾಗ ನಿನ್ನ ಕಣ್ಣ ಕೆಳಗಿನ ಕಪ್ಪು ನಾ ನೋಡೇನಿ. ನಿನ್ನ ಗಂಡ ಗಂಡಸರ ಕೂಡ ಹೊರಗ ಕುಂತಿದ್ದ, ಹೊಂಡೂತನಕ ನೀವಿಬ್ಬರೂ ಒಂದು ಮಾತು ಆಡಲಿಲ್ಲ. ಬರೂ ಶನಿವಾರ ಹುಡುಗ್ರನ್ನ ಹಾನಗಲ್‌ಗೆ ಬಿಟ್ಟು ಇಬ್ಬರೂ ಹೋಗ್ರಿ, ಎಲ್ಲೆರೆ ಹೋಗ್ರಿ, ಹೇಳಾಕೂ ಬ್ಯಾಡ. ಐತವಾರ ಸಂಜಿ ಬಸ್ಸಿಗೆ ಬಂದು ಕರಕೊಂಡು ಹೋಗ್ರಿ. ಬಿಸ್ಕೀಟು ತರಬ್ಯಾಡ, ಹುಡುಗಗ ಒಗ್ಗೂದಿಲ್ಲ ಅಂದಿದ್ದಿ. ಸಣ್ಣಾಕಿ ಔಷಧದ ಚೀಟಿ, ಆಕಿ ಹೊದ್ದುಕೊಳ್ಳೂ ಹಳೇ ಸೀರಿ ದುಬಟಿ ಮಾತ್ರ ತಾ. ಗುರುವಾರದೊಳಗ ಫೋನ್ ಮಾಡಿ ಹೇಳು, ಹಾಲು ಹೆಚ್ಚಿಗಿ ಹಾಕಸ್ತೇನಿ.